ಕಾವಿನ ಡಬ್ಬಿಯೊಳಗೆ ಕುಡುಗೋಲಿನ ತುಂಡು

ಹೋದ ತಿಂಗಳು ಮೊಟ್ಟೆ ಕಾವಿಗಿಟ್ಟು ಬಲ್ಬು ಹಾಕಿದ ಸ್ವಲ್ಪ ಹೊತ್ತಿಗೆ ಥರ್ಮಾಕೋಲ್ ಡಬ್ಬಿಯಿಂದ ಮೀನಿನ ವಾಸನೆ ಎದ್ದಿತು. ಸೂಳೆಕೆರೆಯಿಂದ ಮೀನು ತರುವವನ ಹತ್ತಿರ ಕೇಳಿ ತಂದ ಡಬ್ಬಿ ಅದು. ಎಷ್ಟು ತೊಳೆದು ಬಿಸಿಲಿಗಿಟ್ಟರೂ ಅಷ್ಟೇ, ಒಳಗೆ ಬಿಸಿ ತಗುಲಿದರೆ ಆ ನಾತ ಮತ್ತೆ ಬರುತ್ತದೆ. ನನಗೆ ಮೀನಿನ ನೆನಪಾಗಲಿಲ್ಲ. ಹಿತ್ತಿಲ ಮನೆ ದೊಡ್ಡವ್ವನ ನೆನಪಾಯಿತು.

ಸಂಬಂಧದಲ್ಲಿ ಅವಳು ನನಗೇನೂ ಆಗಬೇಕಿರಲಿಲ್ಲ. ನಲ್ಲೂರಿನಲ್ಲಿ ನಮ್ಮ ಹಿತ್ತಿಲ ಬೇಲಿಗೆ ಅಂಟಿಕೊಂಡ ಮನೆ ಅವಳದು, ಹಾಗಾಗಿ ದೊಡ್ಡವ್ವ. ಬಾಯಿ ಜೋರು. ಬೇಲಿಯಾಚೆ ನಿಂತು ಕೋಳಿ ಕರೆದರೆ, ಮನೆ ಮುಂದಿನ ನನ್ನ ಮೋಟಾರ್ ರಿಪೇರಿ ಅಂಗಡಿಯಲ್ಲಿ ಕೂತವರೂ ತಿರುಗಿ ನೋಡುತ್ತಿದ್ದರು. ಆ ಕೋಳಿಗಳೋ, ನೋಡಲು ಚಂದವೂ ಇಲ್ಲ. ಕುತ್ತಿಗೆ ಪೂರ್ತಿ ಬೋಳು. ಮೊದಲ ಬಾಣಂತನ ಮುಗಿಸಿ ಗೋವಿನಕೋವಿಯಿಂದ ಕೂಸು ಎತ್ತಿಕೊಂಡು ಬರುವಾಗ ಅವಳ ತಾಯಿ ಒಂದು ಬೋಳುಗುತ್ತಿಗೆ ಹೇಂಟೆ ಕೊಟ್ಟು ಕಳಿಸಿದ್ದಳಂತೆ. ಅದರ ಮರಿ, ಮರಿಯ ಮರಿ... ಹಾಗೇ ಸಂತಾನ ನಡೆದು ಬಂದಿತ್ತು. ತಾಯಿ ಹೋದ ಮೇಲೆ ತವರಿನಿಂದ ಹಬ್ಬಕ್ಕೆ ಬಾ ಎನ್ನುವವರು ಯಾರೂ ಇರಲಿಲ್ಲ. ಅವಳ ಪಾಲಿಗೆ ತವರು ಅಂತ ಉಳಿದದ್ದು ಆ ಕೋಳಿಗಳೇ.

ಒಂದು ಬೇಸಿಗೆಯಲ್ಲಿ ರೋಗ ಬಂದು ಕೋಳಿಗಳೆಲ್ಲ ಸತ್ತವು. ಉಳಿದ ಒಂದೇ ಹೇಂಟೆ ಕಾವಿಗೆ ಕೂತಿತ್ತು. ಮೇಯಲೆಂದು ಬುಟ್ಟಿಯಿಂದ ಇಳಿದಾಗ ಅದನ್ನೂ ನಾಯಿ ಹಿಡಿಯಿತು. ದೊಡ್ಡವ್ವ ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿ, ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಅಂಗಡಿಗೆ ಬಂದಳು.

"ತಮ್ಮಾ, ಕರೆಂಟಿನಾಗೆ ಮರಿ ಮಾಡ್ತಾರಂತಲ್ಲ, ನಿಂಗೆ ಮಾಡಾಕೆ ಬರ್ತೈತಾ?"

ಬರುತ್ತಿರಲಿಲ್ಲ. ಆದರೂ ಬರುತ್ತದೆ ಅಂದೆ. ಮೊಬೈಲಿನಲ್ಲಿ ನೋಡಿಕೊಂಡು ಮೀನಿನ ಡಬ್ಬಿಗೆ ಬಲ್ಬು ಕೂರಿಸಿ, ಬಿಸಿ ಸಾಕಾದಾಗ ಅದು ತಾನೇ ಆರುವಂತೆ ಥರ್ಮೋಸ್ಟಾಟ್ ಹಾಕಿ, ಮೂಲೆಗೊಂದು ಬಟ್ಟಲು ನೀರಿಟ್ಟೆ. ಡಬ್ಬಿ ಅಂಗಡಿಯಲ್ಲೇ ಇತ್ತು. ದಿನಾ ಬಂದು ಮೊಟ್ಟೆ ಹೊರಳಿಸುವ ಕೆಲಸ ಅವಳದು.

ಮರಿ ಬರಬೇಕಾದ ದಿನ ಬಂತು. ಏನೂ ಇಲ್ಲ. ಮರುದಿನವೂ ಇಲ್ಲ. ಅಂಗಡಿಗೆ ಬಂದವರು ಆಮ್ಲೆಟ್ ಯಾವಾಗ ಎಂದು ಕೇಳಲು ಶುರು ಮಾಡಿದರು. ಅಷ್ಟು ಬಾಯಿದ್ದ ದೊಡ್ಡವ್ವ ಡಬ್ಬಿಗೆ ಕಿವಿಯಿಟ್ಟು ಕೂತಿದ್ದಳು. ನಾನು ಮುಚ್ಚಳ ತೆಗೆದು ಒಳಗೆ ತಡಕಿದೆ. ಬಲ್ಬಿನ ಹತ್ತಿರ, ಹುಲ್ಲಿನ ಅಡಿ ಏನೋ ಬೆರಳು ಸುಟ್ಟಿತು. ಮುರಿದ ಕುಡುಗೋಲಿನ ತುಂಡು! ಬಿಸಿ ಅಳೆಯುವ ವೈರಿನ ತುದಿ ನೇರ ಅದರ ಮೇಲೆ ಕೂತಿತ್ತು. ಕಬ್ಬಿಣ ಕಾದ ತಕ್ಷಣ ಬಲ್ಬು ಆರುತ್ತಿತ್ತು. ಮೊಟ್ಟೆಗಳಿಗೆ ಸಾಕಷ್ಟು ಕಾವು ಸಿಕ್ಕಿರಲೇ ಇಲ್ಲ.

"ಇದನ್ನ ಯಾರು ಇಟ್ಟಿದ್ದು?"

"ನಾನೇ ಕಣಪ್ಪಾ... ಗುಡುಗಿಗೆ ಮೊಟ್ಟೆ ಕೆಡ್ತಾವಲ್ಲ. ಕಾವಿಗೆ ಕೂರ್ಸುವಾಗ ನಮ್ಮವ್ವನೂ ಬುಟ್ಟಿಗೆ ಕಬ್ಬಿಣ ಹಾಕ್ತಿದ್ಲು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವಳ ಮುಖ ನೋಡಿ ನುಂಗಿಕೊಂಡು, ತುಂಡನ್ನು ಹೊರತೆಗೆದೆ. "ಹಂಗಾರೆ ಕೈಯಾರೆ ಕೊಂದ್ನೇನೋ ತಮ್ಮಾ?" ಅಂದಳು. ಒಂದನ್ನು ಒಡೆದು ನೋಡೋಣವೆಂದು ಮೊಟ್ಟೆ ಎತ್ತಿದೆ. ಅವಳು ನನ್ನ ಕೈ ಹಿಡಿದಳು.

"ಬ್ಯಾಡ. ಕಾವು ಕಮ್ಮಿಯಾದ್ರೆ ತಡ ಆಗ್ತೈತೆ, ಸತ್ತೇ ಹೋಗಿರ್ಬೇಕಂತಿಲ್ಲ. ಈ ಡಬ್ಬಿಗೆ ಬಿಸಿ ಐತೆ, ಬಾಯಿ ಎಲ್ಲೈತೆ? ತಾಯಿಕೋಳಿ ಆದ್ರೆ ಒಳಗಿರೋ ಮರೀನ ಮಾತಾಡಿಸ್ತಾ ಕೂರ್ತೈತೆ."

ಹಾಗೆ ಅಂದವಳೇ ಡಬ್ಬಿಯ ಗಾಳಿತೂತಿಗೆ ಬಾಯಿಟ್ಟು 'ಲೊಕ್... ಲೊಕ್...' ಎಂದು ಕರೆಯತೊಡಗಿದಳು. ನಗದವರಿಲ್ಲ, ನಾನೂ ನಕ್ಕೆ. ಅವಳು ತಲೆ ಎತ್ತಲಿಲ್ಲ. ಕರೆದು ಗಂಟಲು ಒಣಗಿ, ನೀರು ಕುಡಿದು ಮತ್ತೆ ಕರೆದಳು. ಮಾರನೆಯ ದಿನವೂ ಅದೇ. ಕೊನೆಗೆ ಎರಡು ಮೊಟ್ಟೆ ಬಿರಿದವು, ಉಳಿದವು ಕೆಟ್ಟಿದ್ದವು. ಎರಡರಲ್ಲಿ ಒಂದು ಮರಿಯ ಕುತ್ತಿಗೆ ಬೋಳಾಗಿತ್ತು. ಆ ಒದ್ದೆ ಮರಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು "ನಮ್ಮವ್ವ ಕೊಟ್ಟ ಕೋಳಿ" ಅಂದಳು. ಆಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ತುಂಬ ಹೊತ್ತು ಅತ್ತಳು. ಆಗ ಯಾರೂ ನಗಲಿಲ್ಲ.

ಕುಡುಗೋಲಿನ ತುಂಡನ್ನು ಮಾತ್ರ ಬಿಡಲಿಲ್ಲ. ಮುಂದಿನ ಸಲ ಒಳಗಿಡದೆ ಮುಚ್ಚಳದ ಮೇಲಿಟ್ಟಳು. ಗುಡುಗು ಮೇಲಿಂದ ತಾನೇ ಬರೋದು ಅಂದಳು. 

ದೊಡ್ಡವ್ವ ಹೋದ ವರ್ಷ ತೀರಿಕೊಂಡಳು. ಅವಳ ಕೋಳಿಗಳನ್ನು ನಾನು ತಂದುಕೊಂಡೆ. ಈಗ ಡಬ್ಬಿಯಲ್ಲಿರುವುದು ಅವುಗಳದೇ ಮೊಟ್ಟೆ. ಈ ಸಲವೂ ತಡವಾಗಿದೆ. ಕರೆಂಟು ಕಣ್ಣಾಮುಚ್ಚಾಲೆ ಆಡಿದ್ದೇ ಕಾರಣವಿರಬೇಕು. ಮುಚ್ಚಳದ ಮೇಲೆ ಅದೇ ಕುಡುಗೋಲಿನ ತುಂಡಿದೆ. ಗುಡುಗಿನ ಮಾತನ್ನು ನಾನು ನಂಬುವುದಿಲ್ಲ, ಆದರೆ ಅದನ್ನಿಡದೆ ಬಲ್ಬು ಹಾಕಲು ಮನಸ್ಸಾಗಲಿಲ್ಲ.

ಇವತ್ತು ಅಂಗಡಿಯಲ್ಲಿ ಯಾರೂ ಇಲ್ಲದ್ದು ನೋಡಿ ನಾನೂ ತೂತಿಗೆ ಬಾಯಿಟ್ಟು 'ಲೊಕ್ ಲೊಕ್' ಅಂದೆ. ನಾಚಿಕೆಯಾಯಿತು. ಮತ್ತೆ ಅಂದೆ. ಎಷ್ಟೋ ಹೊತ್ತಿನ ಮೇಲೆ, ಇನ್ನೂ ಒಡೆಯದ ಚಿಪ್ಪಿನೊಳಗಿಂದ ಚಿಂವ್ ಎಂಬ ಸಣ್ಣ ದನಿ... ಹಿಂದುಮುಂದು ನೋಡದೆ ಹಿತ್ತಿಲಿಗೆ ಓಡಿ, "ದೊಡ್ಡವ್ವಾ, ಮರಿ ಓಗೊಡ್ತು, ಬಾ!" ಎಂದು ಬೇಲಿಯಾಚೆ ಕೂಗಿಬಿಟ್ಟೆ.

ನನ್ನ ಕೂಗಿಗೆ ಬೋಳು ಕುತ್ತಿಗೆಯ ಕೋಳಿಗಳೆಲ್ಲ ಓಡಿ ಬಂದವು. ಅವಳು ಬರಲಿಲ್ಲ.