ಸೆಫೆರಿನಾ ಚಿಕ್ಕಮ್ಮನ ಗೇಟಿನ ಮೊಳೆ

ಸೆಫೆರಿನಾ ಚಿಕ್ಕಮ್ಮನ ಹತ್ತಿರ ಕಾಯಿಲೆ ಕೋಳಿ ತಂದವರಿಗೆ ಮೊದಲು ಬೈಗುಳ, ಆಮೇಲೆ ಕೋಳಿಗೆ ಮದ್ದು. "ನಾಲಿಗೆ ಮೇಲೆ ಪೊರೆ ಕಟ್ಟಿ ಎಂಟು ದಿನ ಆಗಿದೆ. ನಿನ್ನ ಕಣ್ಣೇನು ಅಟ್ಟದ ಮೇಲಿತ್ತಾ?" ಎನ್ನುತ್ತಲೇ ಕೊಕ್ಕು ಬಿಡಿಸಿ, ಉಗುರಿನಿಂದ ಪೊರೆ ಎಬ್ಬಿಸಿ, ನಿಂಬೆರಸ ಬೆಳ್ಳುಳ್ಳಿ ತಿಕ್ಕುತ್ತಾಳೆ. ಹೊಂಡುರಾಸಿನ ಈ ಬೆಟ್ಟದ ಮೇಲೆ, ನಮ್ಮ ಎಲ್ ಹಿಕಾರಾಲ್ ಊರಿಗೆ, ಕೋಳಿ ಡಾಕ್ಟರು ಅವಳೇ. ಬೇರೆಯವರ ಕೋಳಿ ಹಿತ್ತಲಿನ ಕೆಳಗಿನ ರೋಗದ ಗೂಡಿಗೇ ಹೋಗಬೇಕು. ಅದನ್ನು ಮುಟ್ಟಿದ ಕೈಯನ್ನು ಬೂದಿನೀರಲ್ಲಿ ತೊಳೆಯದೆ ಕಾವಿನ ಹೇಂಟೆಯ ಹತ್ತಿರ ಸುಳಿದರೆ ನನಗೂ ಪೊರಕೆಯ ಏಟು.

ಅಂಥವಳು ಒಂದೇ ಒಂದು ಸಲ ತಪ್ಪಿದಳು.

ಅವಳಮ್ಮ ಬಿಟ್ಟುಹೋದ ಬೋಳುಕತ್ತಿನ ತಳಿಯಲ್ಲಿ ಆ ವರ್ಷ ಉಳಿದದ್ದು ಒಂದೇ ಹೇಂಟೆ. ಮಿಕ್ಕವನ್ನು ನರಿ ಮುಗಿಸಿತ್ತು. ಹದಿಮೂರು ಮೊಟ್ಟೆ ಜೋಡಿಸಿ ಚಿಕ್ಕಮ್ಮ ಅದನ್ನು ಕಾವಿಗೆ ಕೂರಿಸಿದಳು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಹುಲ್ಲಿನಡಿ ತುಕ್ಕುಮೊಳೆ ಇಟ್ಟಳು. ಇಪ್ಪತ್ತೊಂದನೆಯ ದಿನ ಚಿಪ್ಪು ಬಿರಿಯತೊಡಗಿತು. ಒಂದು ಮರಿ ಒದ್ದಾಡುತ್ತಿತ್ತೆಂದು ನಾನು ಚಿಪ್ಪು ಸುಲಿಯಲು ಹೋದೆ. ಕೈಮೇಲೆ ಫಟ್ಟನೆ ಬಿತ್ತು.

"ಬಿಡೇ! ಹಳದಿ ಇನ್ನೂ ಅದರ ಹೊಟ್ಟೆ ಸೇರಿಲ್ಲ. ಎಳೆದ್ರೆ ರಕ್ತ ಸುರಿಯತ್ತೆ."

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಮರಿ ಹೊರಬಂದಿದ್ದವು. ಚಿಕ್ಕಮ್ಮ ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ.

ಆಗಲೇ ಅಬುಂದಿಯೋ ಬಂದ. ಚಿಕ್ಕಮ್ಮನೇ ಎದ್ದು ಹೋಗಿ ಗೇಟು ತೆಗೆದಳು. ಚಿಕ್ಕಮ್ಮನ ಮಗಳನ್ನು ಜ್ಞಾನಸ್ನಾನದಲ್ಲಿ ಎತ್ತಿ ಹಿಡಿದವನು ಅವನೇ. ಆ ನಂಟಿಗೆ ಅವನು ಅವಳಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ಒಡಹುಟ್ಟಿದವರ ಮಾತನ್ನಾದರೂ ಮೀರಬಹುದು, ಈ ನಂಟಿನ ಮಾತು ಮೀರುವಂತಿಲ್ಲ. ಅವನ ಕೈಯಲ್ಲಿ ಕಾಲು ಕಟ್ಟಿದ ಒಂದು ಕೋಳಿ.

"ಕೊಮಾದ್ರೆ, ಮಗಳ ಹೆಸರಿನ ಸಂತರ ಹಬ್ಬ ಅಲ್ವಾ, ಬಡವನ ಕಾಣಿಕೆ ತಗೊಳ್ಳಿ."

ಕೋಳಿಯ ರೆಕ್ಕೆ ಜೋತುಬಿದ್ದಿತ್ತು. ಹಿಂಭಾಗದ ಪುಕ್ಕ ಹಸಿರು ಹಿಕ್ಕೆಯಿಂದ ಅಂಟಿಕೊಂಡಿತ್ತು.

"ಚಿಕ್ಕಮ್ಮ, ಅದರ ಹಿಂದೆ ನೋಡಿ," ಎಂದೆ ಮೆಲ್ಲಗೆ.

"ಬಾಯ್ಮುಚ್ಚು. ಬಿಸಿಲಲ್ಲಿ ಬಂದಿದೆ, ಸುಸ್ತು."

ಕಾಣಿಕೆಯ ಕೋಳಿಯನ್ನು ಕೊಟ್ಟವನ ಎದುರೇ ದಾರ ಬಿಚ್ಚಿ ಅಂಗಳಕ್ಕೆ ಬಿಡಬೇಕು. ರೋಗದ ಗೂಡಿಗೆ ಹಾಕಿದರೆ ಅವನ ಮುಖಕ್ಕೆ ಉಗಿದಂತೆ. ಬಿಚ್ಚಿದಳು. ಅದು ತೂರಾಡುತ್ತ ನೆಟ್ಟಗೆ ಮರಿಗಳ ನೀರಿನ ತಟ್ಟೆಗೇ ಕೊಕ್ಕು ಹಾಕಿತು. ಅವನು ಕಾಫಿ ಕುಡಿದು, ಮೀಸೆ ಒರೆಸಿಕೊಂಡು ಹೋದ.

ಮಾರನೆಯ ದಿನ ಆ ಕೋಳಿ ಸತ್ತಿತು. ಅಬುಂದಿಯೋನ ಮನೆಯಲ್ಲಿ ಅಷ್ಟರಲ್ಲೇ ಒಂಬತ್ತು ಸತ್ತಿದ್ದವಂತೆ. ಹೇಗೂ ಸಾಯುವ ಕೋಳಿ, ಕಾಣಿಕೆಯಾದರೂ ಆಗಲಿ ಎಂದುಕೊಂಡ ಮಹಾನುಭಾವ! ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅವನ ಮೇಲೆಷ್ಟೋ ಚಿಕ್ಕಮ್ಮನ ಮೇಲೂ ಅಷ್ಟೇ ಸಿಟ್ಟು. ಊರವರ ಕಣ್ಣು ಅಟ್ಟದ ಮೇಲಿದೆ ಎಂದು ಬೈಯುವವಳು ಅವತ್ತು ತನ್ನ ಕಣ್ಣನ್ನು ಮರ್ಯಾದೆಗೆ ಒಪ್ಪಿಸಿಬಿಟ್ಟಳು.

ಐದನೆಯ ದಿನ ಮರಿಗಳು ಬಾಯಿ ತೆರೆದು ಏದುಸಿರು ಬಿಡತೊಡಗಿದವು. ಕತ್ತು ತಿರುಚಿಕೊಂಡು ಹಿಂದಕ್ಕೆ ನಡೆದವು. ಗೂಡಿಗೆ ಗೂಡೇ ಖಾಲಿ ಮಾಡುವ ಕೊಕ್ಕರೆ ರೋಗ. ನಿಂಬೆ, ಬೆಳ್ಳುಳ್ಳಿ, ಯಾವುದೂ ನಾಟಲಿಲ್ಲ. ರವಿಕೆಯೊಳಗೆ ಬೆಚ್ಚಗೆ ಇಟ್ಟುಕೊಂಡು ಕೂತಳು. ಅಲ್ಲೇ ಒಂದೊಂದಾಗಿ ತಣ್ಣಗಾದವು. ಕೊನೆಗೆ ಹೇಂಟೆಯೂ ಹೋಯಿತು. ಅವಳಮ್ಮನ ತಳಿ ಅಲ್ಲಿಗೆ ಮುಗಿಯಿತು.

ಸತ್ತವನ್ನೆಲ್ಲ ಮಡಿಲಲ್ಲಿ ಕಟ್ಟಿಕೊಂಡು ಅಬುಂದಿಯೋನ ಮನೆಗೆ ನಡೆದಳು. ಅವನು ರೊಟ್ಟಿ ತಿನ್ನುತ್ತಿದ್ದ. ತಟ್ಟೆಯ ಪಕ್ಕ ಸುರಿದಳು.

"ಅಯ್ಯೋ ಕೊಮಾದ್ರೆ, ಗಾಳಿಯಲ್ಲಿ ಬರೋ ರೋಗ, ನಾವೇನು ಮಾಡೋಕಾಗತ್ತೆ?"

"ಗಾಳಿಗೆ ಕಾಲು ಕಟ್ಟಿರಲಿಲ್ಲ. ನೀನು ತಂದ ಕೋಳಿಗೆ ಕಟ್ಟಿತ್ತು," ಎಂದಳು. ಹದಿನಾರು ವರ್ಷ 'ನೀವು' ಎಂದ ಬಾಯಿ. "ಹನ್ನೊಂದು ಮರಿ, ಒಂದು ತಾಯಿ. ಏಳು, ಗುದ್ದಲಿ ತಗೋ. ನೀನೇ ಹೂಳಬೇಕು."

ಅವನು ಅಗೆದು ಮುಗಿಸುವವರೆಗೂ ಕದಲದೆ ನಿಂತಿದ್ದಳು.

ಮನೆಗೆ ಬಂದವಳೇ ಗೂಡಿನ ಹುಲ್ಲು ಸುಟ್ಟಳು. ಬೂದಿಯಿಂದ ಮೊಳೆ ಹೆಕ್ಕಿ ಗೇಟಿನ ಕಂಬಕ್ಕೆ ಕಲ್ಲಿನಿಂದ ಬಡಿದಳು. ಈಗ ಕಾಣಿಕೆಯ ಕೋಳಿ ಯಾರೇ ತರಲಿ, ಪಾದ್ರಿಗಳೇ ತರಲಿ, ಒಂಬತ್ತು ದಿನ ಆ ಮೊಳೆಗೆ ಕಟ್ಟಿರಬೇಕು. ಮೇವು ನೀರು ತಂದವರದೇ. ಊರಲ್ಲಿ ಅವಳಿಗೆ ಮರ್ಯಾದೆ ತಿಳಿಯದವಳು ಎಂದು ಹೆಸರಾಗಿದೆ.

ಆ ದಿನ ಮೊಳೆ ಬಡಿಯುವಾಗ ಕಲ್ಲು ಹಿಡಿಯಲು ಹೋದೆ. ನನ್ನನ್ನು ತಳ್ಳಿದಳು.

"ಗುಡುಗು ಬರತ್ತೆ ಅಂತ ಮೊಳೆ ಇಟ್ಟೆನಲ್ಲೇ," ಎಂದಳು, ಏಟಿಗೊಂದು ಮಾತು. "ಗೇಟು ನಾನೇ ತೆಗೆದೆ."