ಸುಭಾನಸಾಬನ ದಣಿದ ಕುದುರೆ

ನರಗುಂದದ ಗುಡ್ಡದ ಬುಡದಲ್ಲಿರುವ ಮಠದಲ್ಲಿ ಸೋಮವಾರಕ್ಕೊಮ್ಮೆ ವಯಸ್ಸಾದವರು ಸೇರುವ ಪದ್ಧತಿ ರಾಜ್ಯ ಒಂದಾದ ವರ್ಷ ಶುರುವಾಯಿತು. ಪುರಾಣ ಕೇಳುತ್ತಾರೆ, ಡಾಕ್ಟರು ಬಂದು ನಾಡಿ ನೋಡುತ್ತಾರೆ, ಉಳಿದ ಹೊತ್ತು ಮಾತು. ಅವರನ್ನು ಮನೆಮನೆಯಿಂದ ಕರೆತರುವವನು ಟಾಂಗಾದ ಸುಭಾನಸಾಬ. ಹತ್ತುವವರಿಗೆ ಮಣೆ ಇಡುತ್ತಾನೆ, ತೂಕ ಸರಿಹೋಗಲಿಲ್ಲವೆಂದು ಎಲ್ಲರನ್ನೂ ಮೂರು ಸಲ ಎಬ್ಬಿಸಿ ಕೂಡಿಸುತ್ತಾನೆ, ಮಠದ ಏರು ಬಂತೆಂದರೆ ಲಗಾಮು ಎಳೆದು, "ಕುದರಿ ದಣದೈತ್ರಿ, ಸ್ವಲ್ಪ ಇಳೀರಿ" ಎನ್ನುತ್ತಾನೆ. "ನಮ್ಮಕಿಂತ ನಿನ್ನ ಕುದರೀಗೇ ವಯಸ್ಸಾಗೇದ ನೋಡು" ಎಂದು ಬೈಯುತ್ತ ಎಲ್ಲರೂ ಇಳಿದು ನಡೆಯುತ್ತಾರೆ. ಸಂತೆಯ ದಿನ ಅದೇ ಕುದುರೆ ಎಂಟು ಮಂದಿ ಗಟ್ಟಿ ಆಳುಗಳನ್ನು ಎಳೆದುಕೊಂಡು ಅದೇ ಏರನ್ನು ಓಡುತ್ತಲೇ ಹತ್ತುವುದನ್ನು ನಾನು ಮಠದ ಕಟ್ಟೆಯಿಂದ ಎಷ್ಟೋ ಸಲ ಕಂಡಿದ್ದೇನೆ. ನಮ್ಮ ಓಣಿಯ ಕಾಶಿಬಾಯಿ ಜಾರಿಬಿದ್ದು ಆರು ತಿಂಗಳು ಹಾಸಿಗೆ ಹಿಡಿದಿದ್ದರು, ಇನ್ನು ಕಾಲು ಊರುವುದಿಲ್ಲವೆಂದು ಹಟ ಮಾಡಿದ್ದರು. ಸೊಸೆಯರು ಅವರನ್ನು ಎತ್ತಿ ಟಾಂಗಾದಲ್ಲಿ ಕೂಡಿಸಿದ ಮೊದಲ ಸೋಮವಾರ ಕುದುರೆ ಮಠದ ಬಾಗಿಲಿಗೆ ಹತ್ತೇ ಹೆಜ್ಜೆ ಇರುವಾಗ ದಣಿಯಿತು. ಮುಂದಿನ ಸೋಮವಾರ ಬಾವಿಯ ಹತ್ತಿರ ದಣಿಯಿತು, ಆಮೇಲೆ ಅದಕ್ಕೂ ಹಿಂದಿನ ಬೇವಿನ ಮರದ ಹತ್ತಿರ. ಸುಭಾನಸಾಬ ಟಾಂಗಾ ಅಲ್ಲಿಯೇ ಬಿಟ್ಟು, ಮಣೆ ಕಂಕುಳಲ್ಲಿಟ್ಟುಕೊಂಡು ಅವರ ಹಿಂದೆ ನಡೆಯುತ್ತಿದ್ದ, ನಿಂತಲ್ಲಿ ಕೂಡಲು ಬೇಕಾದೀತೆಂದು. ಮೊನ್ನೆ ಕಾಶಿಬಾಯಿ ಬೇವಿನ ಮರದಿಂದ ಬಾಗಿಲವರೆಗೆ ಎಲ್ಲಿಯೂ ಕೂಡದೆ ಬಂದರು. ಪುರಾಣ ಮುಗಿದ ಮೇಲೆ ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರನ್ನು ಕುದುರೆಯ ಬಾಯಿಗಿಟ್ಟು, ಅದರ ಕಿವಿಯ ಹತ್ತಿರವೇ ಹೇಳಿದರು: "ಮುಂದಿನ ಸೋಮವಾರ ಇನ್ನೂ ಸ್ವಲ್ಪ ಲಗೂ ದಣಿಯವಾ."