ಗಬ್ಬೂರಿನ ಕಣದಲ್ಲಿ ಮುರಿದ ಬೋಲ್ಟು

ದುರುಗಮ್ಮ, ಆ ದಿನ ರಾಶಿ ಮಷೀನಿನ ಬೋಲ್ಟು ಮುರಿದದ್ದು ನಿನ್ನ ಕಾಲ್ಗುಣದಿಂದಲ್ಲ, ನನ್ನ ಕಳ್ಳ ಕೆಲಸದಿಂದ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ.

ಆಗಿನ್ನೂ ಗಬ್ಬೂರಿಗೆ ಮಷೀನು ಹೊಸದು. ತೆನೆ ಬಡಿಯುವ ಡ್ರಮ್ಮಿಗೂ ಅದನ್ನು ತಿರುಗಿಸುವ ಗಾಲಿಗೂ ನಡುವೆ ಒಂದು ಮೆತ್ತನೆಯ ಬೋಲ್ಟು ಇರುತ್ತದೆ. ಒಳಗೆ ಕಲ್ಲು ಸಿಕ್ಕರೆ ಅದು ಮುರಿದು ಡ್ರಮ್ಮನ್ನು ಉಳಿಸಬೇಕು. ಊರ ಗೌಡರು ಕೊಂಡು ತಂದದ್ದು ಬೇರೆಯವರು ಬಳಸಿದ ಹಳೇ ಮಷೀನು; ಅದರಲ್ಲಿ ಆ ಬೋಲ್ಟು ಕೂರುವ ತೂತೇ ಸವೆದು ಅಗಲವಾಗಿತ್ತು. ಗಾಲಿ ಬಿಚ್ಚಿ ರಾಯಚೂರಿಗೆ ಒಯ್ದು, ತೂತು ತುಂಬಿಸಿ, ಲೇತಿನಲ್ಲಿ ಹೊಸದಾಗಿ ಕೊರೆಸಬೇಕಿತ್ತು. ಆದರೆ ಮಾನ್ವಿಯಲ್ಲಿ ಇನ್ನೊಬ್ಬರಿಗೆ ಮಾತು ಕೊಟ್ಟಿದ್ದೆ. ನನ್ನಂಥ ಮಿಸ್ತ್ರಿ ಈ ಸೀಮೆಯಲ್ಲೇ ಇಲ್ಲವೆಂಬ ಸೊಕ್ಕು ಬೇರೆ. ಬೋಲ್ಟಿಗೆ ಡಬ್ಬಿಯ ತಗಡು ಸುತ್ತಿ, ಬಡಿದು ಕೂರಿಸಿ, "ಇನ್ನ ಚಿಂತಿಲ್ರಿ ಗೌಡ್ರ" ಎಂದುಬಿಟ್ಟೆ.

ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ, ನೀನು ಕೂಸನ್ನು ಮರದ ನೆರಳಿಗೆ ಮಲಗಿಸಿ ಮೊದಲ ಸಲ ಕಣದ ಕೂಲಿಗೆ ಬಂದಿದ್ದೆ. ಉಳಿದವರು ಅರ್ಧ ಬುಟ್ಟಿ ತೆನೆ ಸುರಿದರೆ ನೀನು ತುಂಬಿದ ಬುಟ್ಟಿ ಸುರಿದೆ — ನಾಳೆಯೂ ಕರೆಯಲಿ ಎಂದು. ಸಡಿಲ ಬೋಲ್ಟು ಆ ಭಾರ ತಡೆಯಲಿಲ್ಲ. ನಾನು ಹೊಸದು ಹಾಕಿದೆ, ನೀನು ಮತ್ತೆ ಬುಟ್ಟಿ ಸುರಿದಾಗಲೇ ಅದೂ ಮುರಿಯಿತು. ನಡೆಯುತ್ತಿರುವ ರಾಶಿ ನಿಂತರೆ ಅಪಶಕುನ ಎನ್ನುವ ಊರು. ಗೌಡರ ತಾಯಿ ಎಲ್ಲರಿಗೂ ಕೇಳುವಂತೆ ಅಂದರು: "ಗಂಡನ್ನ ನುಂಗಿದಾಕಿ, ಕಣ ಬಿಡ್ತಾಳೇನು?"

ನೀನು ಅಳಲಿಲ್ಲ. ನೇರ ನನ್ನ ಹತ್ತಿರ ಬಂದೆ.

"ಯಣ್ಣಾ, ನೀವರ ಹೇಳ್ರಿ. ನಾ ಬಂದಿದ್ದಕ್ಕ ಮುರೀತೇನು?"

ಒಂದು ಮಾತು ಸಾಕಿತ್ತು — ಒಂದೇ ಮಾತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಕೆಳಗೆ ಬಿದ್ದಿದ್ದ ತಗಡಿನ ಚೂರನ್ನು ಕಾಲಡಿ ಒತ್ತಿ ಮುಚ್ಚಿದೆ. "ಕಬ್ಬಣದ ಮನಸು ಯಾರಿಗೆ ಗೊತ್ತು, ತಂಗಿ" ಎಂದೆ.

ನಿನ್ನನ್ನು ಕಣದಿಂದ ಕಳಿಸಿದರು. ಅದೇ ಸಂಜೆ ನಾನು ಯಾರಿಗೂ ಹೇಳದೆ ಗಾಲಿ ಬಿಚ್ಚಿ ರಾಯಚೂರಿಗೆ ಒಯ್ದು ಸರಿಯಾಗಿ ಮಾಡಿಸಿ ತಂದೆ. ಮತ್ತೆ ಬೋಲ್ಟು ಮುರಿಯಲಿಲ್ಲ — ಅದೇ ನಿನಗೆ ಮುಳುವಾಯಿತು. ನೋಡು, ಆಕೆ ಹೋದಳು, ಮಷೀನು ನಡೆಯಿತು ಎಂದರು ಜನ. ನಾನು ಅದನ್ನೂ ಕೇಳಿಸಿಕೊಂಡು ಚಹಾ ಕುಡಿದೆ. ಆಮೇಲೆ ಊರಿನ ಯಾವ ಕಣಕ್ಕೂ ನಿನ್ನನ್ನು ಕರೆಯಲಿಲ್ಲ. ನೀನು ಬೆಳಗಿನ ಬಸ್ಸು ಹಿಡಿದು ಪರ ಊರಿಗೆ ಕೂಲಿಗೆ ಹೋಗುವುದನ್ನು ಎಷ್ಟೋ ಸಲ ಕಂಡು ಮುಖ ತಿರುಗಿಸಿದ್ದೇನೆ.

ಮೊನ್ನೆ ದೇವದುರ್ಗದ ಸಂತೆಯಲ್ಲಿ ನೀನು ಸಿಕ್ಕೆ. "ಅರಾಮ ಅದೀರೇನ್ರಿ ಯಣ್ಣಾ" ಎಂದು ನಕ್ಕೆ. ಪಕ್ಕದಲ್ಲಿ ಅಂದಿನ ಆ ಕೂಸು, ನಿನ್ನೆತ್ತರ ಬೆಳೆದ ಮಗಳು. "ಈಕೀನ್ನೂ ಕಣಕ್ಕ ಕರ್ಯಾಂಗಿಲ್ರಿ" ಅಂದೆ, ದೂರುವ ದನಿಯಲ್ಲೂ ಅಲ್ಲ. ನನ್ನ ಸುಳ್ಳು ಆ ಹುಡುಗಿಯ ತನಕ ಬಂದಿದೆಯೆಂದು ನನಗೆ — ನಾಚಿಕೆ ಎಂದರೆ ಸಣ್ಣ ಮಾತಾಗುತ್ತದೆ.

ನಿನ್ನೆ ಗೌಡರ ಮನೆಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು "ನಮ್ಮವ್ವ ಇದ್ದಾಗ ಹೇಳಬೇಕಿತ್ತು ನೀ. ಇರ್ಲಿ... ತಾಯಿ ಮಗಳು ಇಬ್ರನ್ನೂ ರಾಶಿಗೆ ಕರೀತೀನಿ" ಎಂದರು.

ಆದರೆ ಜಗಲಿಯ ಮೇಲೆ ಹೇಳಿದ್ದು ಸಾಲದು. ನಿನ್ನ ಹೆಸರು ಕೆಟ್ಟದ್ದು ಕಣದಲ್ಲಿ, ಊರ ಮುಂದೆ. ಸೋಮವಾರ ರಾಶಿ ಶುರು. ಮಷೀನು ಚಾಲೂ ಮಾಡುವ ಮುಂಚೆ ಅಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ನೀನು ಬಾ ಎನ್ನಲು ನನಗೆ ಬಾಯಿಲ್ಲ, ದುರುಗಮ್ಮ. ಬಾರದಿದ್ದರೂ ಹೇಳುತ್ತೇನೆ.